ಸೂತ್ರಕಾರರ ಬಾಳು

ಕಳೆದ ವರ್ಷ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ವಿದ್ಯಾರ್ಥಿಗಳ ಮುಂದೆ ಒಂದೇ ವಿಷಯವನ್ನು ಕುರಿತು ನಾಲ್ಕು ಸಲ ಮಾತನಾಡುವ ಪ್ರಸಂಗ ನನಗೆ ಒದಗಿತು. ವಿಷಯ, 'ಕನ್ನಡದಲ್ಲಿ ವಿಜ್ಞಾನಿಗಳ ಜೀವನಚರಿತ್ರೆ'. ಕನ್ನಡದ ಮೇಷ್ಟ್ರಿಗೂ ವಿಜ್ಞಾನಿಗಳಿಗೂ ಏನು ನಂಟು ಎಂದು ಕೇಳುವವರುಂಟು. ಜೀವನಚರಿತ್ರೆ ಸಾಹಿತ್ಯದ ಒಂದು ಪ್ರಕಾರ. ಅದು ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುವುದು ವಿಮರ್ಶಕನ ಕೆಲಸವೇ ಸರಿ. ಮೊದಲ ಮೂರು ಊರುಗಳಲ್ಲಿ ಭಾಷಣ ಸುಸೂತ್ರವಾಗಿ ನಡೆಯಿತು, ಚಪ್ಪಾಳೆಯೂ ಆಯಿತು. ಜಗಳೂರಿನಲ್ಲಿ ಮಾತ್ರ ಸಭೆ ಮುಗಿದ ಮೇಲೆ ಬಿ.ಎಸ್‌ಸಿ. ಓದುವ ಹುಡುಗನೊಬ್ಬ ಬಳಿಗೆ ಬಂದು ಕೇಳಿದ:

"ಸಾರ್, ನಾನು ಫಿಸಿಕ್ಸ್ ಎಂಎಸ್‌ಸಿ ಮಾಡಿ ಥಿಯರಿ ಕಡೆ ಹೋಗ್ಬೇಕು ಅಂತಿದೀನಿ. ನಮ್ಮಪ್ಪ, 'ಅವರು ದಿನಾ ಏನು ಕೆಲಸ ಮಾಡ್ತಾರಂತೆ ಹೇಳು, ಆಮೇಲೆ ನೋಡಾಣ' ಅಂತಾರೆ. ಅಪ್ಪಂಗೆ ಓದಿ ಹೇಳಾಕೆ ಕನ್ನಡದಲ್ಲಿ ಒಂದು ಪುಸ್ತಕ ಹೇಳಿ ಸಾರ್."

ತಂದೆಯದು ಮಳೆಯನ್ನು ನಂಬಿದ ಮೆಕ್ಕೆಜೋಳದ ಹೊಲ. ಮಗನನ್ನು ಇನ್ನು ಆರೇಳು ವರ್ಷ ಓದಿಸಬೇಕಾದ ಮನುಷ್ಯನ ಪ್ರಶ್ನೆ ಅದು. ನಾನು ಎರಡು ಮೂರು ಪುಸ್ತಕಗಳ ಹೆಸರು ಹೇಳಿ ಬಸ್ಸು ಹತ್ತಿದೆ. ಆದರೆ ಬಸ್ಸು ದಾವಣಗೆರೆ ಮುಟ್ಟುವ ಹೊತ್ತಿಗೆ ನಾನು ಹೇಳಿದ ಪುಸ್ತಕಗಳಲ್ಲಿ ಒಂದಾದರೂ ಆ ತಂದೆಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲವೆಂದು ನನಗೇ ಖಚಿತವಾಗಿತ್ತು. ಅವುಗಳಲ್ಲಿ ವಿಜ್ಞಾನಿ ಏನಾದನೆಂಬುದು ಇದೆ. ಏನು ಮಾಡಿದನೆಂಬುದು ಅರ್ಧ ಪುಟದಷ್ಟಿದೆ. ದಿನವೂ ಏನು ಮಾಡುತ್ತಿದ್ದನೆಂಬುದು ಇಲ್ಲವೇ ಇಲ್ಲ.

ನಮ್ಮ ವಿಜ್ಞಾನಿ-ಪರಿಚಯಗಳಿಗೆ ಒಂದು ಎರಕದ ಅಚ್ಚು ಸಿದ್ಧವಾಗಿದೆ. ಬಡತನದ ಮನೆ, ಬುಡ್ಡಿದೀಪದ ಓದು, ಗುಣ ಕಂಡ ಒಬ್ಬ ಗುರು, ಹಡಗು ಅಥವಾ ವಿಮಾನ, ವಿದೇಶದ ಪದವಿ, ತಾಯ್ನಾಡಿನ ಸೆಳೆತ, ಪ್ರಶಸ್ತಿಗಳ ಪಟ್ಟಿ. ಕೊನೆಯಲ್ಲಿ ಸರಳ ಜೀವನ, ಸಂಗೀತದ ಒಲವು. ಹೆಸರನ್ನು ಬದಲಾಯಿಸಿದರೆ ಒಬ್ಬರ ಬಾಳು ಇನ್ನೊಬ್ಬರಿಗೆ ಸಲೀಸಾಗಿ ಒಪ್ಪುತ್ತದೆ. ಇವು ಸುಳ್ಳೆಂದು ನಾನು ಹೇಳುತ್ತಿಲ್ಲ. ಪುರಾಣದ ಕಥಾನಾಯಕನಿಗೆ ಹೊಂದುವ ಅಂಗಿಯನ್ನು ಲೆಕ್ಕ ಮಾಡುವ ಮನುಷ್ಯನಿಗೆ ತೊಡಿಸಿದ್ದೇವೆ, ಅಷ್ಟೇ. ದೂರದರ್ಶಕ ಕಟ್ಟಿದವನಿಗೂ ಔಷಧ ಕಂಡುಹಿಡಿದವನಿಗೂ ಈ ಅಂಗಿ ಹೇಗೋ ಹಿಡಿಸೀತು, ಅವರ ಕೈಯಲ್ಲಿ ತೋರಿಸುವ ವಸ್ತುವೊಂದಿದೆ. ಕಾಗದ, ಪೆನ್ನು, ಕಂಪ್ಯೂಟರು, ಕರಿಹಲಗೆ ಇಷ್ಟರಲ್ಲೇ ಬಾಳು ಸವೆಸುವ ಸೈದ್ಧಾಂತಿಕ ಭೌತವಿಜ್ಞಾನಿಗೆ ಅದು ಸ್ವಲ್ಪವೂ ಹಿಡಿಸದು.

ಕನ್ನಡದಲ್ಲಿ ವಿಜ್ಞಾನ ಸಾಹಿತ್ಯವೇ ಇಲ್ಲವೆಂದು ಗೊಣಗುವುದು ಕೃತಘ್ನತೆಯಾದೀತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದರು. ಕಾರಂತರು ಮಕ್ಕಳಿಗೂ ದೊಡ್ಡವರಿಗೂ ಸಂಪುಟಗಟ್ಟಲೆ ಬರೆದರು. ಜಿ. ಟಿ. ನಾರಾಯಣರಾಯರ ಐನ್‌ಸ್ಟೈನ್ ಪುಸ್ತಕ, ಕೃಷ್ಣವಿವರಗಳ ಪುಸ್ತಕ, ಜೆ. ಆರ್. ಲಕ್ಷ್ಮಣರಾಯರ ಪರಮಾಣುವಿನ ಚರಿತ್ರೆ, ಇವನ್ನು ಓದಿ ಬೆಳೆದವರಲ್ಲಿ ನಾನೂ ಒಬ್ಬ. ಆದರೂ ಒಂದು ಮಾತು ಹೇಳಬೇಕು. ನಮ್ಮ ಲೇಖಕರಿಗೆ ಅತಿ ದೊಡ್ಡದರ ಮೇಲೆ ಪ್ರೀತಿ, ಅತಿ ಚಿಕ್ಕದರ ಮೇಲೂ ಪ್ರೀತಿ. ನಕ್ಷತ್ರಕ್ಕೆ ಆಕಾಶದ ಬೆರಗುಂಟು, ಪರಮಾಣುವಿಗೆ ಬಾಂಬಿನ ಭಯವುಂಟು. ಇವೆರಡರ ನಡುವೆ ನಾವು ದಿನವೂ ಮುಟ್ಟುವ ಉಪ್ಪು, ಕಬ್ಬಿಣ, ಮಂಜುಗಡ್ಡೆ, ಮೂಗುತಿಯ ಚಿನ್ನ ಇವೆಯಲ್ಲ, ಇವುಗಳ ಶಾಸ್ತ್ರಕ್ಕೆ ನಮ್ಮಲ್ಲಿ ಬಹುಮಟ್ಟಿಗೆ ಹೇಳುವವರಿಲ್ಲ. ಈ ಶಾಸ್ತ್ರಕ್ಕೆ ಸಾಂದ್ರದ್ರವ್ಯ ಭೌತವಿಜ್ಞಾನವೆಂದು ಹೆಸರು. ಕೋಟಿ ಕೋಟಿ ಪರಮಾಣುಗಳು ಒತ್ತೊತ್ತಾಗಿ ಸೇರಿದಾಗ ಒಂಟಿ ಪರಮಾಣುವಿನಲ್ಲಿ ಕಾಣದ ಗುಣಗಳು ಹೇಗೆ ಹುಟ್ಟುತ್ತವೆಂಬುದೇ ಅದರ ಮೂಲಪ್ರಶ್ನೆ. ಒಬ್ಬ ವ್ಯಾಪಾರಿಯ ಮನಸ್ಸನ್ನು ಎಷ್ಟು ಬಗೆದು ನೋಡಿದರೂ ನ್ಯಾಮತಿಯ ಸಂತೆಯ ಅಂದಿನ ಧಾರಣೆ ತಿಳಿಯುವುದಿಲ್ಲ. ಅದು ಸಂತೆ ನೆರೆದ ಮೇಲೆ ಹುಟ್ಟುವ ವಸ್ತು. ಅಮೆರಿಕದ ಫಿಲಿಪ್ ಆಂಡರ್ಸನ್ 1972ರಲ್ಲಿ ಇದೇ ವಿಚಾರವನ್ನು ಪ್ರತಿಪಾದಿಸಿ ಬರೆದ ಪ್ರಬಂಧ ಈ ಶಾಸ್ತ್ರದ ಪೀಠಿಕೆಯಂತಿದೆ.

ಇಂಥ ಶಾಸ್ತ್ರದಲ್ಲಿ ಸಿದ್ಧಾಂತ ಕಟ್ಟುವವನ ಕೆಲಸವನ್ನು ಕನ್ನಡಿಗರಿಗೆ ಹೇಗೆ ಹೇಳಬೇಕು? ಈ ಪ್ರಶ್ನೆ ನಮಗೆ ಕಷ್ಟವಾಗಬಾರದಿತ್ತೆಂದು ನನಗೆ ತೋರುತ್ತದೆ. ನಮಗೆ ದೊರೆತಿರುವ ಮೊಟ್ಟಮೊದಲ ಗ್ರಂಥವಾದ ಕವಿರಾಜಮಾರ್ಗ ಕಾವ್ಯವಲ್ಲ, ಲಕ್ಷಣಗ್ರಂಥ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣವನ್ನು ರಚಿಸಿದ ರೀತಿಯನ್ನು ನೆನೆಯಿರಿ. ಮೊದಲು ಸೂತ್ರ, ಆಮೇಲೆ ಅದನ್ನು ಬಿಡಿಸುವ ವೃತ್ತಿ, ಕೊನೆಗೆ ಪೂರ್ವಕವಿಗಳ ಪ್ರಯೋಗ. ಸಾವಿರಾರು ಪ್ರಯೋಗಗಳ ಹಿಂದೆ ಅಡಗಿದ ನಿಯಮವನ್ನು ಹುಡುಕುವುದು, ನಿಯಮಕ್ಕೆ ಬಗ್ಗದ ರೂಪ ಸಿಕ್ಕಾಗ ಅದನ್ನು ಮುಚ್ಚಿಡದೆ ಅಪವಾದವೆಂದು ಹೇಳುವುದು, ಇದೇ ಲಕ್ಷಣಕಾರನ ದಿನಚರಿ. ವಿಜ್ಞಾನದಲ್ಲಿಯೂ 'ಪ್ರಯೋಗ' ಎಂಬ ಮಾತನ್ನೇ ನಾವು ಇಟ್ಟುಕೊಂಡಿದ್ದೇವೆ. ಅಲ್ಲಿ ಕವಿಯ ಬಳಕೆ, ಇಲ್ಲಿ ಪ್ರಯೋಗಶಾಲೆಯ ಅಳತೆ. ಸೈದ್ಧಾಂತಿಕ ವಿಜ್ಞಾನಿ ನಿಸರ್ಗದ ಪ್ರಯೋಗಗಳಿಗೆ ಸೂತ್ರ ಬರೆಯುವ ಲಕ್ಷಣಕಾರ. ಕೇಶಿರಾಜನ ಮನೆತನದ ನಾಲ್ಕು ಸಂಗತಿಗಳನ್ನು ಬಿಟ್ಟರೆ ಅವನ ಬಾಳಿನ ವಿಷಯ ನಮಗೆ ತಿಳಿದಿರುವುದು ಅತ್ಯಲ್ಪ. ಆದರೂ ಅವನು ನಮಗೆ ಅಪರಿಚಿತನಲ್ಲ. ಅವನ ಸಂದೇಹ, ಅವನ ಹಟ, ಅವನ ಅಭಿರುಚಿ ಎಲ್ಲವೂ ಸೂತ್ರಗಳಲ್ಲಿ ಕಾಣುತ್ತವೆ. ಸೈದ್ಧಾಂತಿಕ ವಿಜ್ಞಾನಿಯ ಬಾಳನ್ನೂ ಅವನು ಕಾಡಿಸಿಕೊಂಡ ಸಮಸ್ಯೆಯ ಮೂಲಕವೇ ಓದಬೇಕು.

ಹೀಗೆ ಓದಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದ, ಹೆಸರಿನ ಆರಂಭದಲ್ಲೇ ಹುಲಿಕಲ್ ಎಂಬ ಊರನ್ನು ಹೊತ್ತಿರುವ, ಎಚ್. ಆರ್. ಕೃಷ್ಣಮೂರ್ತಿಯವರನ್ನೇ ತೆಗೆದುಕೊಳ್ಳೋಣ. ನಮ್ಮ ಅಚ್ಚಿನ ಪ್ರಕಾರ ಬರೆದರೆ ಹೀಗಾಗುತ್ತದೆ: ಕಾನ್ಪುರದ ಐ.ಐ.ಟಿ.ಯಲ್ಲಿ ಎಂ.ಎಸ್‌ಸಿ., ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ಡಾಕ್ಟರೇಟ್, ಸ್ವದೇಶಕ್ಕೆ ಮರಳಿ ಅಧ್ಯಾಪನ, ಅಕಾಡೆಮಿಗಳ ಸದಸ್ಯತ್ವ. ಮೂರು ಸಾಲಿನಲ್ಲಿ ಬಾಳು ಮುಗಿಯಿತು! ಜಗಳೂರಿನ ತಂದೆಗೆ ಇದರಿಂದ ಏನು ತಿಳಿದಂತಾಯಿತು?

ಇನ್ನು ಸಮಸ್ಯೆಯ ಕಡೆಯಿಂದ ಬರೆದು ನೋಡೋಣ. ಹೊನ್ನಾಳಿ ತನ್ನ ಹೆಸರಿನಲ್ಲೇ ಹೊನ್ನನ್ನು ಇಟ್ಟುಕೊಂಡ ಊರು. ಕಥೆಯೂ ಹೊನ್ನಿನಿಂದಲೇ ಆರಂಭವಾಗುತ್ತದೆ. ಲೋಹವನ್ನು ತಣಿಸುತ್ತ ಹೋದರೆ ಅದರಲ್ಲಿ ವಿದ್ಯುತ್ತು ಹರಿಯುವುದಕ್ಕೆ ಇರುವ ತಡೆ ಕಡಮೆಯಾಗುತ್ತ ಹೋಗಬೇಕು. 1934ರಲ್ಲಿ ಹಾಲೆಂಡಿನ ಲೈಡನ್ ನಗರದ ಪ್ರಯೋಗಶಾಲೆಯಲ್ಲಿ ಚಿನ್ನದ ತಂತಿಯನ್ನು ತಣಿಸಿದವರಿಗೆ ವಿಚಿತ್ರ ಕಂಡಿತು. ತಡೆ ಒಂದು ಹಂತದವರೆಗೆ ಇಳಿದು, ಇನ್ನೂ ತಣಿಸಿದಾಗ ಮತ್ತೆ ಏರತೊಡಗಿತು. ಚಿನ್ನದಲ್ಲಿ ಅತ್ಯಲ್ಪವಾಗಿ ಬೆರೆತ ಕಬ್ಬಿಣದಂಥ ಕಾಂತಗುಣದ ಕಶ್ಮಲವೇ ಇದಕ್ಕೆ ಕಾರಣವೆಂಬುದು ಕ್ರಮೇಣ ಗೊತ್ತಾಯಿತು. ಆದರೆ ಅದು ಹೇಗೆ? ಮೂವತ್ತು ವರ್ಷ ಕಳೆದ ಮೇಲೆ, 1964ರಲ್ಲಿ, ಜಪಾನಿನ ಜುನ್ ಕೊಂಡೊ ಲೆಕ್ಕ ಹಾಕಿ ತಡೆ ಏಕೆ ಏರುತ್ತದೆಂದು ತೋರಿಸಿದರು. ಹಳೆಯ ಗಂಟು ಬಿಚ್ಚಿತು, ಅದರ ಹಿಂದೆಯೇ ಹೊಸ ಗಂಟು ಬಿತ್ತು. ಕೊಂಡೊ ಅವರ ಸೂತ್ರವನ್ನು ಇನ್ನೂ ಕಡಮೆ ಉಷ್ಣತೆಗೆ ಒಯ್ದರೆ ಉತ್ತರ ಅನಂತಕ್ಕೆ ಹೋಗುತ್ತಿತ್ತು. ನಿಸರ್ಗದಲ್ಲಿ ಅನಂತವಿಲ್ಲ; ಆದ್ದರಿಂದ ಸೂತ್ರ ಎಲ್ಲೋ ಮುರಿದಿದೆ ಎಂದರ್ಥ.

ಕಾರ್ನೆಲ್‌ನಲ್ಲಿದ್ದ ಕೆನೆತ್ ವಿಲ್ಸನ್ 1975ರಲ್ಲಿ ಈ ಗಂಟಿಗೆ ಹೊಸ ಉಪಾಯ ಹೂಡಿದರು. ಕಣದಲ್ಲಿ ಕಾಳು ಹಸನು ಮಾಡುವವರು ದೊಡ್ಡ ಕಣ್ಣಿನ ಜರಡಿಯಿಂದ ಆರಂಭಿಸಿ ಸಣ್ಣ ಕಣ್ಣಿನ ಜರಡಿಗೆ ಬರುತ್ತಾರಲ್ಲವೆ? ಹಾಗೆ ಹೆಚ್ಚಿನ ಶಕ್ತಿಯ ಎಲೆಕ್ಟ್ರಾನುಗಳನ್ನು ಮೊದಲು ಲೆಕ್ಕಕ್ಕೆ ಹಿಡಿದು, ಅದರಿಂದ ಬಂದ ಫಲವನ್ನು ಮುಂದಿನ ಮೆಟ್ಟಿಲಿಗೆ ಬಂಡವಾಳವಾಗಿ ಇಟ್ಟುಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ವಿಧಾನ ಅದು. ವಿಲ್ಸನ್ ಮತ್ತು ಜಾನ್ ವಿಲ್ಕಿನ್ಸ್ ಅವರ ಜೊತೆ ಕೆಲಸ ಮಾಡುತ್ತಿದ್ದ ತರುಣ ಕೃಷ್ಣಮೂರ್ತಿ ಈ ವಿಧಾನವನ್ನು, ಕಶ್ಮಲಕ್ಕೆ ಕಾಂತಗುಣ ಬರುವ ಬಗೆಯನ್ನೇ ವಿವರಿಸಲು 1961ರಲ್ಲಿ ಆಂಡರ್ಸನ್ ರೂಪಿಸಿದ್ದ ಇನ್ನೂ ತೊಡಕಿನ ಮಾದರಿಗೆ ಅನ್ವಯಿಸಿದರು. ಮೂವರ ಹೆಸರಿನ ಎರಡು ಪ್ರಬಂಧಗಳು 1980ರಲ್ಲಿ ಒಂದರ ಹಿಂದೊಂದು ಪ್ರಕಟವಾದುವು. ಒಟ್ಟು ಸುಮಾರು 80 ಪುಟ, ಮೊದಲ ಹೆಸರು ಶಿಷ್ಯನದು. ಅಚ್ಚಿನಲ್ಲಿ ಆ ಹೆಸರು 'ಕೃಷ್ಣ-ಮೂರ್ತಿ' ಎಂದು ನಡುವೆ ಗೆರೆ ಎಳೆಸಿಕೊಂಡು ಎರಡಾಗಿದೆ. ನಮ್ಮ ಸಮಾಸವನ್ನು ಅವರು ಹಾಗೆ ಬಿಡಿಸಿದ್ದನ್ನು ಕಂಡು ನನಗೆ ನಗು ಬಂತು.

ಆ 80 ಪುಟಗಳ ಗಣಿತ ನನ್ನ ಕೈಗೆ ಹತ್ತುವಂಥದಲ್ಲ. ಆದರೆ ಅದರ ಕಥೆಯ ನಡೆ ನನಗೆ ಹತ್ತಿತು. ಉಷ್ಣತೆ ಇಳಿದಂತೆ ಕಶ್ಮಲದ ಪರಮಾಣು ಕೆಲವು ಘಟ್ಟಗಳನ್ನು ದಾಟುತ್ತದೆ. ಮೊದಲು ಅದರೊಳಕ್ಕೆ ಎಲೆಕ್ಟ್ರಾನುಗಳು ಅಡೆತಡೆಯಿಲ್ಲದೆ ಬಂದು ಹೋಗುತ್ತಿರುತ್ತವೆ. ಮುಂದಿನ ಘಟ್ಟದಲ್ಲಿ ಒಂದು ಎಲೆಕ್ಟ್ರಾನು ಅಲ್ಲಿ ನೆಲೆನಿಂತು, ಪರಮಾಣು ಒಂದು ಪುಟ್ಟ ಕಾಂತವಾಗುತ್ತದೆ. ಇನ್ನೂ ತಣಿದಾಗ ಸುತ್ತಲಿನ ಎಲೆಕ್ಟ್ರಾನುಗಳು ಅದನ್ನು ಕವಿದುಕೊಂಡು ಅದರ ಕಾಂತಗುಣ ಹೊರಗೆ ಕಾಣದಂತೆ ಮಾಡಿಬಿಡುತ್ತವೆ. ಅನಂತಕ್ಕೆ ಹೋಗುತ್ತಿದ್ದ ಲೆಕ್ಕ ಅಲ್ಲಿ ಶಾಂತವಾಗಿ ನಿಲ್ಲುತ್ತದೆ. ಒಂದು ಘಟ್ಟದಿಂದ ಇನ್ನೊಂದಕ್ಕೆ ದಾಟುವುದು ಎಲ್ಲಿ, ಎಷ್ಟು ನಿಧಾನವಾಗಿ ಎಂಬುದನ್ನು ಅಂಕಿಗಳಲ್ಲಿ ತೋರಿಸಿದ್ದೇ ಆ ಪ್ರಬಂಧಗಳ ಸಾಧನೆ. 1998ರಲ್ಲಿ, ಬೆರಳೆಣಿಕೆಯ ಎಲೆಕ್ಟ್ರಾನುಗಳನ್ನು ಕೂಡಿಹಾಕುವ ಅತಿಸೂಕ್ಷ್ಮ ಅರೆವಾಹಕ ಸಾಧನಗಳಲ್ಲಿ ಇದೇ ಪರಿಣಾಮ ಕಂಡುಬಂದಾಗ ಹಳೆಯ ಲೆಕ್ಕ ಮತ್ತೆ ಕೆಲಸಕ್ಕೆ ಬಂತು. ಒಂದು ತುಣುಕು ಚಿನ್ನದ ತುಂಟತನದಿಂದ ಆರಂಭವಾದ ಪ್ರಶ್ನೆ 46 ವರ್ಷಗಳ ಮೇಲೆ ಹೀಗೆ ಒಂದು ನೆಲೆ ಕಂಡಿತು. ಇದರಲ್ಲಿ ಕಥೆಯಿಲ್ಲವೆನ್ನುವುದು ಹೇಗೆ?

ಅದೇ ಸಂಸ್ಥೆಯಲ್ಲಿ ಬಹುಕಾಲ ಕೆಲಸ ಮಾಡಿದ ಟಿ. ವಿ. ರಾಮಕೃಷ್ಣನ್ ಅವರ ಬಾಳು ಇನ್ನೊಂದು ಬಗೆಯದು. ಮದರಾಸಿನಲ್ಲಿ 1941ರಲ್ಲಿ ಹುಟ್ಟಿ, ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿ, ಕೊಲಂಬಿಯಾದಲ್ಲಿ ಡಾಕ್ಟರೇಟ್ ಪಡೆದು, ಕಾನ್ಪುರದಲ್ಲಿ ಪಾಠ ಹೇಳಿ ಬೆಂಗಳೂರಿಗೆ ಬಂದವರು. ಅವರ ಹೆಸರನ್ನು ಲೋಕಕ್ಕೆ ಹಬ್ಬಿಸಿದ ಪ್ರಬಂಧ 1979ರದು. ನಾಲ್ಕು ಜನ ಬರೆದ ನಾಲ್ಕು ಪುಟ. ಆ ನಾಲ್ವರು ಅಬ್ರಹಾಮ್ಸ್, ಆಂಡರ್ಸನ್, ಲಿಚ್ಚರ್‌ಡೆಲ್ಲೊ, ರಾಮಕೃಷ್ಣನ್. ಕೃಷ್ಣಮೂರ್ತಿಯವರದು ಚಂಪುವಾದರೆ ಇದು ಮುಕ್ತಕ.

ಅದರ ವಿಷಯ ಚನ್ನಗಿರಿಯವರಿಗೆ ಸುಲಭವಾಗಿ ತಿಳಿಯುವಂಥದು. ಅಡಿಕೆ ತೋಟದ ಸಾಲಿನ ನಡುವೆ ನಿಂತರೆ ನೋಟ ತೋಟದ ಆಚೆಯ ಬದುವಿನವರೆಗೆ ಓಡುತ್ತದೆ. ಮರಗಳು ಎಷ್ಟೇ ಇರಲಿ, ಸಾಲು ನೇರವಾಗಿದ್ದರೆ ಅವು ಅಡ್ಡಿಯಲ್ಲ. ಕ್ರಮಬದ್ಧವಾದ ಹರಳಿನಲ್ಲಿ ಎಲೆಕ್ಟ್ರಾನು ಹೀಗೆಯೇ ಸಾಗುತ್ತದೆಂದು 1928ರಲ್ಲಿ ಫೆಲಿಕ್ಸ್ ಬ್ಲಾಕ್ ತೋರಿಸಿದ್ದರು. ಅಡವಿಯಲ್ಲಿ ಅಷ್ಟೇ ಮರಗಳಿದ್ದರೂ ನೋಟ ಹತ್ತು ಮಾರಿಗೆ ನಿಲ್ಲುತ್ತದೆ. ಪರಮಾಣುಗಳ ಸಾಲು ಕೆಟ್ಟರೆ ಎಲೆಕ್ಟ್ರಾನು ಒಂದೆಡೆ ಕಟ್ಟುಬಿದ್ದೀತೆಂದು 1958ರಲ್ಲಿ ಆಂಡರ್ಸನ್ ಹೇಳಿದರು. ನಾಲ್ವರ ಪ್ರಬಂಧ ಇದನ್ನು ಮುಂದಕ್ಕೊಯ್ದು, ಹಾಳೆಯಂತೆ ತೆಳ್ಳಗಿರುವ ಲೋಹದಲ್ಲಿ ಅವ್ಯವಸ್ಥೆ ಎಷ್ಟೇ ಅಲ್ಪವಾಗಿರಲಿ, ಕಟ್ಟಕಡೆಯ ಶೀತದಲ್ಲಿ ಅದು ನಿಜವಾದ ವಾಹಕವಾಗಿ ಉಳಿಯಲಾರದೆಂಬ ಸೂತ್ರವನ್ನು ಕೊಟ್ಟಿತು. ನನ್ನ ಹೋಲಿಕೆ ಇಲ್ಲಿಗೆ ಮುರಿಯುತ್ತದೆ. ಎಲೆಕ್ಟ್ರಾನು ನೋಟದಂತೆ ತಡೆದು ನಿಲ್ಲುವುದಲ್ಲ. ಅಲೆಯಾಗಿ ಹರಡಿ, ತನ್ನದೇ ಮಾರ್ದನಿಗಳೊಡನೆ ಕೂಡಿ ಕಳೆದು, ತಾನೇ ಕಟ್ಟುಬೀಳುತ್ತದೆ. ಹೋಲಿಕೆ ಎಲ್ಲಿ ನಿಲ್ಲುತ್ತದೆಂದು ಹೇಳದ ವಿಜ್ಞಾನ ಲೇಖಕ ಓದುಗನಿಗೆ ಮೋಸ ಮಾಡಿದಂತೆ.

ಸೂತ್ರ ಬಂದ ಮೇಲೆ ಅಪವಾದಗಳೂ ಬಂದುವು. ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನು ಆ ಸೂತ್ರ ಗಣಿಸಿರಲಿಲ್ಲ. 1994ರಲ್ಲಿ ಸಿಲಿಕಾನ್ ಸಾಧನಗಳ ತೆಳುಪದರದಲ್ಲಿ ಲೋಹದಂಥ ನಡವಳಿಕೆ ಕಂಡಿತು. ಆ ಕುರಿತ ವಾದ ಬಹುಕಾಲ ನಡೆಯಿತು. ಇದರಿಂದ ಸೂತ್ರಕಾರರ ಬೆಲೆ ಕುಗ್ಗಲಿಲ್ಲ. ಅಪವಾದವನ್ನು ಅಪವಾದವೆಂದು ಗುರುತಿಸುವುದಕ್ಕೂ ಸೂತ್ರ ಬೇಕು. ಅದೇ 1979ರಲ್ಲಿ ರಾಮಕೃಷ್ಣನ್, ಯೂಸುಫ್ ಎಂಬ ಸಹೋದ್ಯೋಗಿಯೊಡನೆ, ದ್ರವ ಗಟ್ಟಿಯಾಗುವ ಬಗೆಗೂ ಒಂದು ಸಿದ್ಧಾಂತ ಕೊಟ್ಟರು. ದ್ರವದ ಅಣುಗಳು ಪರಸ್ಪರ ಎಷ್ಟು ದೂರದಲ್ಲಿರಲು ಬಯಸುತ್ತವೆಂಬುದರಲ್ಲೇ ಮುಂದಿನ ಹರಳಿನ ಸುಳಿವಿದೆ ಎಂಬುದು ಅದರ ತಿರುಳು. ಮುಂದೆ ಈ ಇಬ್ಬರು ಬೆಂಗಳೂರಿಗರು, ರಾಮಕೃಷ್ಣನ್ ಮತ್ತು ಕೃಷ್ಣಮೂರ್ತಿ, ಒಟ್ಟಿಗೆ ಕುಳಿತೂ ಬರೆದರು. ಕಾಂತಕ್ಷೇತ್ರ ತಗುಲಿದೊಡನೆ ವಿದ್ಯುತ್ತಿನ ತಡೆ ಅಗಾಧವಾಗಿ ಇಳಿಯುವ ಮ್ಯಾಂಗನೀಸ್ ಸಂಯುಕ್ತಗಳನ್ನು ಕುರಿತು, ಮತ್ತಿಬ್ಬರೊಡನೆ ಅವರು ಬರೆದ ಪ್ರಬಂಧ 2004ರಲ್ಲಿ ಬಂತು.

ಈ ಎರಡು ಬಾಳುಗಳಿಂದ ತಿಳಿಯುವುದೇನು? ಮೊದಲನೆಯದಾಗಿ, ಸಮಸ್ಯೆ ಮನುಷ್ಯನಿಗಿಂತ ಹಿರಿಯದು. 1934ರ ಪ್ರಶ್ನೆ 1951ರಲ್ಲಿ ಹುಟ್ಟಿದವರ ಕೈಗೆ ಬಂತು. ಗುರುವಿನಿಂದ ಶಿಷ್ಯನಿಗೆ, ದೇಶದಿಂದ ದೇಶಕ್ಕೆ ಅದು ದಾಟಿತು. ನಮ್ಮ ಪರಿಚಯಲೇಖನಗಳ ಒಂಟಿ ನಾಯಕ ಇಲ್ಲಿ ಸಿಗುವುದಿಲ್ಲ. ಎರಡನೆಯದಾಗಿ, ಇಲ್ಲಿ ತಪ್ಪುವುದು ಅವಮಾನವಲ್ಲ, ಕೆಲಸದ ಭಾಗ. ನಾವು ಅದನ್ನು ಬರೆಯಲು ಅಂಜುತ್ತೇವೆ. ರಾಮನ್ ಅವರ ಆಹ್ವಾನದ ಮೇಲೆ ಮ್ಯಾಕ್ಸ್ ಬಾರ್ನ್ 1935-36ರಲ್ಲಿ ಬೆಂಗಳೂರಿಗೆ ಬಂದು ಕೆಲವು ತಿಂಗಳಿದ್ದರು. ಹರಳಿನಲ್ಲಿ ಪರಮಾಣುಗಳು ಕಂಪಿಸುವ ಬಗೆಯನ್ನು ಕುರಿತ ಸಿದ್ಧಾಂತಕ್ಕೆ ಅಡಿಪಾಯ ಹಾಕಿದವರು ಅವರು. ಅವರನ್ನು ಇಲ್ಲಿ ಕಾಯಂ ಆಗಿ ಉಳಿಸಿಕೊಳ್ಳಲಾಗಲಿಲ್ಲ. ಮುಂದೆ ಅದೇ ವಿಷಯದಲ್ಲಿ ರಾಮನ್ ಬಾರ್ನ್ ಅವರನ್ನು ಬಲವಾಗಿ ವಿರೋಧಿಸಿದರು. ಕಾಲ ಬಾರ್ನ್ ಪಕ್ಷವನ್ನು ಎತ್ತಿಹಿಡಿಯಿತು. ನಾನು ಓದಿದ ಎಷ್ಟೋ ರಾಮನ್-ಪರಿಚಯಗಳಲ್ಲಿ ಈ ಅಧ್ಯಾಯದ ಸುಳಿವೇ ಇಲ್ಲ. ಮಹಾನುಭಾವರು ತಪ್ಪಿದ್ದನ್ನು ಹೇಳಿದರೆ ಗೌರವ ಕುಂದೀತೆಂಬ ಭಯ ನಮಗೆ. ಆದರೆ ತಪ್ಪಲಾರದವನ ಕಥೆಯನ್ನು ಓದಿದ ಹುಡುಗ ತನ್ನ ಮೊದಲ ತಪ್ಪಿಗೇ ಈ ದಾರಿ ತನ್ನದಲ್ಲವೆಂದು ಹಿಂದಿರುಗಿಬಿಡುತ್ತಾನೆ.

ನನ್ನ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಗಣಿತವಿಲ್ಲದೆ ಇದನ್ನೆಲ್ಲ ಹೇಳಲಾಗದು ಎಂಬುದು ಒಂದು. ಪೂರ್ತಿ ಹೇಳಲಾಗದು, ನಿಜ. ಆದರೆ ರಾಗಲಕ್ಷಣ ತಿಳಿಯದವನಿಗೂ ಗಾಯಕನ ಸಾಧನೆಯನ್ನು ಹೇಳಿದವರು ನಮ್ಮಲ್ಲಿದ್ದಾರೆ. ಸಮಸ್ಯೆ ಏನಿತ್ತು, ಹಿಂದಿನವರು ಎಲ್ಲಿ ನಿಂತರು, ಇವರು ಯಾವ ದಾರಿ ಹಿಡಿದರು, ಏನು ಉಳಿಯಿತು ಎಂಬ ನಾಲ್ಕು ಮಾತುಗಳಿಗೆ ಸಮೀಕರಣ ಬೇಕಿಲ್ಲ. ಸಮಸ್ಯೆಯನ್ನೇ ಹಿಡಿದರೆ ಮನುಷ್ಯ ಮರೆಯಾದಾನಲ್ಲ ಎಂಬುದು ಇನ್ನೊಂದು. ಇದರಲ್ಲಿ ಸತ್ಯಾಂಶವಿದೆ. ಮನೆ, ಸಂಬಳ, ಹೆಂಡತಿಮಕ್ಕಳು, ಬೇಸರದ ಸಂಜೆಗಳು ಇವೂ ಬಾಳೇ. ನಾನು ಕೇಳುವುದು ಇಷ್ಟೇ: ಅವು ಕೆಲಸದ ಸುತ್ತ ಬರಲಿ, ಕೆಲಸದ ಬದಲಿಗೆ ಬರುವುದು ಬೇಡ. ಒಂದು ಲೆಕ್ಕ ನಾಲ್ಕು ವರ್ಷ ಹಿಡಿಯಿತೆಂದರೆ ಆ ನಾಲ್ಕು ವರ್ಷ ಮನೆ ಹೇಗೆ ನಡೆಯಿತೆಂದು ಕೇಳುವುದು ಸರಿಯಾದ ಪ್ರಶ್ನೆ.

ಇಂಥ ಪುಸ್ತಕ ಬರೆಯುವವರು ಯಾರು? ವಿಜ್ಞಾನಿಗಳಿಗೆ ಪುರುಸೊತ್ತಿಲ್ಲ, ಸಾಹಿತಿಗಳಿಗೆ ಧೈರ್ಯವಿಲ್ಲ ಎಂದು ಇಬ್ಬರೂ ಕೈಚೆಲ್ಲಿದ್ದೇವೆ. ಬೆಳ್ಳಾವೆಯವರನ್ನು ಮತ್ತೆ ನೆನೆಯುತ್ತೇನೆ. ಭೌತವಿಜ್ಞಾನದ ಆ ಅಧ್ಯಾಪಕರೇ ಪರಿಷತ್ತಿಗಾಗಿ ಪಂಪಭಾರತದ ಸಂಪಾದನೆಯ ಹೊಣೆ ಹೊತ್ತು 1931ರಲ್ಲಿ ಅದನ್ನು ಹೊರತಂದರು. ಪಾಠಾಂತರಗಳ ನಡುವೆ ಕವಿಯ ಮಾತನ್ನು ಹುಡುಕುವುದಕ್ಕೂ ಅಳತೆಗಳ ನಡುವೆ ನಿಯಮವನ್ನು ಹುಡುಕುವುದಕ್ಕೂ ಬೇಕಾದ ಸಂಯಮ ಒಂದೇ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಅವರಿಗೆದುರಾಗಿ ಕನ್ನಡದ ಅಧ್ಯಾಪಕರು ಒಂದು ಹೆಜ್ಜೆ ಇಡಬೇಕಾಗಿದೆ. ವಿಜ್ಞಾನಿಗಳ ಬಾಗಿಲಿಗೆ ಹೋಗಿ, ತಿಳಿಯದ್ದನ್ನು ನಾಚದೆ ಕೇಳಿ ಬರೆಯಬೇಕು.

ಪುಸ್ತಕ ಬರುವವರೆಗೆ ಜಗಳೂರಿನ ಆ ತಂದೆಯವರನ್ನು ಕಾಯಿಸುವುದು ನ್ಯಾಯವಲ್ಲ. ಅವರ ಪ್ರಶ್ನೆಗೆ ನನಗೆ ತಿಳಿದ ಉತ್ತರ ಇದು. ಸ್ವಾಮಿ, ಅವರು ದಿನವೂ ಒಂದು ಪ್ರಶ್ನೆಯ ಮುಂದೆ ಕೂರುತ್ತಾರೆ. ಬೇರೆಯವರು ಅಳೆದು ತಂದ ಅಂಕಿಗಳನ್ನು ನೋಡಿ, ಹೀಗಿದ್ದೀತೆ ಎಂದು ಊಹಿಸಿ, ಲೆಕ್ಕ ಹಾಕುತ್ತಾರೆ. ಹೆಚ್ಚಿನ ದಿನ ಲೆಕ್ಕ ಕೂಡಿಬರುವುದಿಲ್ಲ. ಮಾರನೆಯ ದಿನ ಅದನ್ನೇ ಜೊತೆಗಾರರ ಮುಂದೆ ಕರಿಹಲಗೆಯ ಮೇಲೆ ಬರೆದು, ತಪ್ಪು ಎಲ್ಲಿದೆಯೆಂದು ಕೇಳುತ್ತಾರೆ. ನಡುವೆ ಹುಡುಗರಿಗೆ ಪಾಠ ಹೇಳುತ್ತಾರೆ. ಹೀಗೆ ಹಲವು ವರ್ಷಗಳಾದ ಮೇಲೆ ಒಮ್ಮೆ ಕೂಡಿಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಮಳೆ ನಂಬಿ ಬಿತ್ತುವ ತಮಗೆ ಈ ಬಗೆಯ ದುಡಿಮೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.